ಸ್ಪಷ್ಟನೆ: ಯೀಸ್ಟ್ ಸುರಿದರೆ ಸೆಪ್ಟಿಕ್ ಟ್ಯಾಂಕ್ ಖಾಲಿಯಾಗುವುದಿಲ್ಲ

ತಿಂಗಳಿಗೊಮ್ಮೆ ಬೆಲ್ಲದ ನೀರಿನಲ್ಲಿ ಕದಡಿದ ಯೀಸ್ಟನ್ನು ಕಮೋಡಿಗೆ ಸುರಿದರೆ ಸೆಪ್ಟಿಕ್ ಟ್ಯಾಂಕನ್ನು ಎಂದಿಗೂ ಖಾಲಿ ಮಾಡಿಸಬೇಕಿಲ್ಲ, ಮಳೆಗಾಲದಲ್ಲಿಯೂ ಕಟ್ಟಿಕೊಳ್ಳುವುದಿಲ್ಲ ಎಂಬ ಸಂದೇಶವೊಂದು ಕೊಡಗಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಕೊಳೆಯಿಸುವ ಬ್ಯಾಕ್ಟೀರಿಯಾಗಳು ಮಲದಲ್ಲಿಯೇ ಧಾರಾಳವಾಗಿರುವುದರಿಂದ ಹೊರಗಿನಿಂದ ಏನನ್ನೂ ಸೇರಿಸಬೇಕಾಗಿಲ್ಲ. ಅವು ಎಷ್ಟೇ ಚುರುಕಾಗಿದ್ದರೂ ಮರಳು, ಪ್ಲಾಸ್ಟಿಕ್, ಸ್ಯಾನಿಟರಿ ಪ್ಯಾಡುಗಳನ್ನು ಕರಗಿಸಲಾರವು, ತಳದ ಕೆಸರೂ ಪೂರ್ತಿ ಇಲ್ಲವಾಗುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ 2–3 ವರ್ಷಗಳಿಗೊಮ್ಮೆ ಹೀರುವ ಯಂತ್ರವಿರುವ ವಾಹನವನ್ನು ಕರೆಸಬೇಕು. ರಕ್ಷಣಾ ಸಾಧನಗಳಿಲ್ಲದೆ ಆಳನ್ನು ಟ್ಯಾಂಕಿನೊಳಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ.

ಆಟಿ ತಿಂಗಳ ಮಳೆಯಲ್ಲಿ ಕಮೋಡಿನ ನೀರು ಗುಳುಗುಳು ಎನ್ನುತ್ತಾ ನಿಧಾನವಾಗಿ ಇಳಿಯುವುದಕ್ಕೆ ಅನೇಕ ಮನೆಗಳಲ್ಲಿ ಕಾರಣ ಬೇರೆಯೇ ಇರುತ್ತದೆ: ಸುತ್ತಲಿನ ಮಣ್ಣು ನೀರು ಕುಡಿದು ತುಂಬಿರುವಾಗ ಟ್ಯಾಂಕಿನ ನೀರು ಹೋಗಿ ಸೇರುವ ಇಂಗುಗುಂಡಿಯಿಂದ ಅದು ಹೊರಹೋಗಲು ದಾರಿಯಿರುವುದಿಲ್ಲ. ಆಗ ನೆರವಾಗುವುದು ಯೀಸ್ಟ್ ಅಲ್ಲ, ನೀರಿನ ಮಿತ ಬಳಕೆ. ಮಾಡಿನ ನೀರನ್ನು ಗುಂಡಿಯಿಂದ ದೂರಕ್ಕೆ ಹರಿಯಬಿಡುವುದೂ ಅಷ್ಟೇ ಮುಖ್ಯ. ಅಡುಗೆಮನೆಯ ನೀರೂ ಟ್ಯಾಂಕಿಗೇ ಹೋಗುವಂತಿದ್ದರೆ, ಪಂದಿಕರಿ ಮಾಡಿದ ಪಾತ್ರೆಯಲ್ಲಿ ಬೆಳಗಿನ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬನ್ನು ಹಳೆಯ ಪತ್ರಿಕೆಯಿಂದ ಒರೆಸಿ ತೆಗೆದ ಮೇಲೆಯೇ ತೊಳೆಯಬೇಕು.

ಟ್ಯಾಂಕಿನ ಬ್ಯಾಕ್ಟೀರಿಯಾಗಳು ಸಾಯುತ್ತವೆಂದು ಬ್ಲೀಚಿಂಗ್ ಪುಡಿಯನ್ನು ಮುಟ್ಟಲೇಬಾರದೆಂಬ ಮಾತು ಅರ್ಧ ಸತ್ಯ. ವಾರಕ್ಕೊಮ್ಮೆ ಸ್ವಲ್ಪ ಬಳಸಿದರೆ ಟ್ಯಾಂಕಿಗೆ ಹಾನಿಯಿಲ್ಲ. ಆದರೆ ಅದನ್ನು ಆಸಿಡ್ ಜೊತೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.