ಕೋಡಂಬಾಕಂ ಲ್ಯಾಬೂ ನಮ್ಮ ಅಭಿಮಾನವೂ

ತಮಿಳು ಸಿನಿಮಾದ ಮಾತು ಬಂದರೆ ಸಾಕು, ನಮ್ಮವರು ಒಂದೇ ರಾಗ ತೆಗೆಯುತ್ತಾರೆ. ಅವರಿಗೆ ಭಾಷಾಭಿಮಾನ ಜಾಸ್ತಿ, ಅದಕ್ಕೇ ಬೆಳೆದರು. ನಮಗೆ ಕಮ್ಮಿ, ಅದಕ್ಕೇ ಹಿಂದುಳಿದೆವು. ಬೆಂಗಳೂರಿನಲ್ಲಿ ಕೂತವರಿಗೆ ಹಾಗೆ ಕಾಣುವುದು ಸಹಜ. ಚೆನ್ನೈಯಲ್ಲಿ ನೆಲೆಸಿ, ಸಿನಿಮಾದವರ ಬೀಡಾದ ಕೋಡಂಬಾಕಂ, ವಡಪಳನಿ, ಸಾಲಿಗ್ರಾಮಂ ಕಡೆ ಈ ಕಸುಬು ನಡೆಯುವ ಬಗೆಯನ್ನು ಗಮನಿಸಿದರೆ ಬೇರೆ ಲೆಕ್ಕ ಸಿಗುತ್ತದೆ. ಅಭಿಮಾನ ಬಂದದ್ದು ಆಮೇಲೆ. ಮೊದಲು ಬಂದದ್ದು ಸೆಟ್ಟು ಹಾಕಿ ಚಿತ್ರೀಕರಿಸುವ ಫ್ಲೋರು, ಫಿಲ್ಮ್ ತೊಳೆಯುವ ಲ್ಯಾಬು, ಮಾರಾಟದ ಏರಿಯಾ.

ಹಾಗೆ ನೋಡಿದರೆ ಹವಾಮಾನ ನಮ್ಮ ಕಡೆಗಿತ್ತು. ದಕ್ಷಿಣದ ಮೊದಲ ಮೂಕಿ ಕಥಾಚಿತ್ರ 'ಕೀಚಕ ವಧಂ' ತೆಗೆದ ನಟರಾಜ ಮೊದಲಿಯಾರ್ 1917ರ ಹೊತ್ತಿಗೆ ಮದರಾಸಿನ ಕೀಳ್ಪಾಕದಲ್ಲಿ ಚಿತ್ರೀಕರಣ ಮಾಡಿದರೂ ನೆಗೆಟಿವ್ ತೊಳೆಯಲು ಲ್ಯಾಬು ಹೂಡಿದ್ದು ಬೆಂಗಳೂರಿನಲ್ಲಿ. ಕಾರಣ ಸೆಖೆ. ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ಡೆವಲಪರ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ತುಂಬಾ ಬಿಸಿಯಾದರೆ ಬೆಳ್ಳಿಯ ಉಪ್ಪನ್ನು ಹಿಡಿದಿರುವ ಜೆಲಾಟಿನ್ ಪದರ ಊದಿಕೊಂಡು ಮೆತ್ತಗಾಗುತ್ತದೆ; ಬೆರಳು ತಗುಲಿದರೂ ಗೀರು ಬೀಳುತ್ತದೆ, ಬಿಂಬ ಹದಕ್ಕಿಂತ ಮುಂಚೆ ಕಪ್ಪಾಗುತ್ತದೆ, ಕೆಟ್ಟರೆ ಪದರವೇ ಸುಲಿದು ಬರುತ್ತದೆ. ಮದರಾಸಿನ ಬೇಸಿಗೆಯ ನೀರಿನಲ್ಲಿ ಇದು ಆಗದ ಕೆಲಸ, ಬೆಂಗಳೂರಿನ ನೀರಿನಲ್ಲಿ ಆಗುತ್ತಿತ್ತು. ಇಷ್ಟು ಅನುಕೂಲ ಕೈಯಲ್ಲಿದ್ದೂ ಅದರ ಮೇಲೆ ಬಾಳುವಂಥ ಉದ್ಯಮ ನಮ್ಮಲ್ಲಿ ಬೆಳೆಯಲಿಲ್ಲ.

ಟಾಕಿ ಬಂದಾಗ ಎರಡೂ ಭಾಷೆಯವರು ಬಾಡಿಗೆದಾರರೇ. ತಮಿಳಿನ 1931ರ 'ಕಾಳಿದಾಸ್' ತಯಾರಾದದ್ದು ಬೊಂಬಾಯಿಯಲ್ಲಿ. ನಮ್ಮ 1934ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದಲ್ಲಿ. ಅದನ್ನು ನಿರ್ದೇಶಿಸಿದ ವೈ.ವಿ. ರಾವ್ ಅವರೇ 1937ರಲ್ಲಿ ತ್ಯಾಗರಾಜ ಭಾಗವತರ್ ಅವರನ್ನು ಹಾಕಿಕೊಂಡು 'ಚಿಂತಾಮಣಿ' ಮಾಡಿ ತಮಿಳರನ್ನು ಹುಚ್ಚೆಬ್ಬಿಸಿದರು. ದಾರಿ ಕವಲೊಡೆದದ್ದು ಅಲ್ಲಿಂದೀಚೆಗೆ. 1934ರಲ್ಲಿ ಮದರಾಸಿನಲ್ಲಿ ಶ್ರೀನಿವಾಸ ಸಿನಿಟೋನ್, ಬಳಿಕ ಕೊಯಮತ್ತೂರಿನಲ್ಲಿ ಸೆಂಟ್ರಲ್ ಸ್ಟುಡಿಯೋಸ್, ಸೇಲಂನಲ್ಲಿ ಟಿ.ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್, ಮೌಂಟ್ ರೋಡಿನಲ್ಲಿ ಜೆಮಿನಿ, ಕಾರೈಕುಡಿಯಿಂದ 1948ರಲ್ಲಿ ಕೋಡಂಬಾಕಂಗೆ ಬಂದ ಎ.ವಿ.ಎಂ. ಒಂದೇ ಕಾಂಪೌಂಡಿನೊಳಗೆ ಫ್ಲೋರು, ರೆಕಾರ್ಡಿಂಗ್ ಥಿಯೇಟರು, ಎಡಿಟಿಂಗ್ ರೂಮು, ಬಡಗಿಗಳ ಶೆಡ್ಡು, ತಿಂಗಳ ಸಂಬಳದ ಕೆಲಸಗಾರರು.

ಲ್ಯಾಬು ಪಕ್ಕದಲ್ಲಿದ್ದರೆ ಏನು ಲಾಭ ಎಂಬುದನ್ನು ಡಿಜಿಟಲ್ ಕಾಲದವರಿಗೆ ಬಿಡಿಸಿ ಹೇಳಬೇಕು. ಇವತ್ತು ತೆಗೆದ ಶಾಟ್‌ನ ರಷಸ್, ಅಂದರೆ ತೊಳೆದು ಬಂದ ಕಚ್ಚಾ ತುಣುಕು, ನಾಳೆ ನೋಡಬಹುದು. ಫೋಕಸ್ ತಪ್ಪಿದೆ, ಕ್ಯಾಮೆರಾದ ಗೇಟಿನಲ್ಲಿ ಕೂದಲು ಸಿಕ್ಕಿಕೊಂಡಿದೆ, ಬೆಳಕು ಸೋರಿ ಫಿಲ್ಮ್ ಮಂಜಾಗಿದೆ ಎಂದು ಗೊತ್ತಾದರೆ ಸೆಟ್ಟು ನಿಂತಿರುವಾಗಲೇ, ನಟರ ಕಾಲ್‌ಶೀಟ್ ಮುಗಿಯುವ ಮುಂಚೆಯೇ ಮತ್ತೆ ತೆಗೆಯಬಹುದು. ಮಲೆನಾಡಿನಲ್ಲಿ ಶೂಟಿಂಗ್ ಮಾಡಿ ಡಬ್ಬಗಳನ್ನು ರೈಲಿಗೆ ಹಾಕಿ ಮದರಾಸಿಗೆ ಕಳಿಸಿದ ಕನ್ನಡ ನಿರ್ಮಾಪಕನಿಗೆ ಅದೇ ಸುದ್ದಿ ಮುಟ್ಟುವ ಹೊತ್ತಿಗೆ ಸೆಟ್ಟು ಬಿಚ್ಚಿರುತ್ತಿತ್ತು. ರೀಶೂಟಿಗೆ ದುಡ್ಡಿಲ್ಲ, ಹಾಗಾಗಿ ಮಸುಕು ಶಾಟೇ ಚಿತ್ರದಲ್ಲಿ ಉಳಿಯುತ್ತಿತ್ತು. ನಮ್ಮ ಹಳೆಯ ಚಿತ್ರಗಳ ತಾಂತ್ರಿಕ ಬಡತನವನ್ನು ಆಡಿಕೊಳ್ಳುವವರು ಈ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಡಬ್ಬಿಂಗ್. 1943ರಲ್ಲಿ ಎ.ವಿ. ಮೆಯ್ಯಪ್ಪನ್ ನಿರ್ಮಿಸಿ, ಆರ್. ನಾಗೇಂದ್ರರಾಯರು ನಿರ್ದೇಶಿಸಿದ ಕನ್ನಡದ 'ಹರಿಶ್ಚಂದ್ರ' ಮರುವರ್ಷ ತಮಿಳು ಮಾತಾಡಿತು. ತಮಿಳಿಗೆ ಡಬ್ ಆದ ಮೊದಲ ಚಿತ್ರ ಕನ್ನಡದ್ದು! ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನಾವೇ ಡಬ್ಬಿಂಗ್ ಬೇಡವೆಂದು ಬೀದಿಗಿಳಿದೆವು. ಅ.ನ.ಕೃ. ಅವರಂಥವರು ನಿಂತ ಆ ಚಳವಳಿ ಅಂದಿಗೆ ಬೇಕಾಗಿತ್ತು. ಇಲ್ಲದಿದ್ದರೆ ಕನ್ನಡದಲ್ಲಿ ಸ್ವಂತ ಚಿತ್ರಗಳೇ ಕಡಿಮೆಯಾಗುತ್ತಿದ್ದವು. ಆದರೆ ಕಾನೂನೇ ಇಲ್ಲದ ಆ ಕಟ್ಟುಪಾಡನ್ನು ಅರ್ಧ ಶತಮಾನ ಎಳೆದದ್ದು ಅತಿಯಾಯಿತು. 2015ರಲ್ಲಿ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದಿತು, 2017ರಲ್ಲಿ ತಮಿಳು ನಟ ಅಜಿತ್ ಅವರ ಚಿತ್ರವೊಂದು ಕನ್ನಡ ಮಾತಾಡಿ 'ಸತ್ಯದೇವ್ ಐಪಿಎಸ್' ಆಗಿ ಬಂತು.

ಅಷ್ಟರಲ್ಲಿ ನಾವು ಕಳೆದುಕೊಂಡದ್ದು ಒಂದು ಕಸುಬನ್ನು. ಫಿಲ್ಮ್ ಕಾಲದಲ್ಲಿ ಡಬ್ಬಿಂಗ್ ಎಂದರೆ ಸಾವಿರ ಅಡಿಯ, ಹನ್ನೊಂದು ನಿಮಿಷದ ರೀಲನ್ನು ಒಂದೆರಡು ಮಾತಿನ ತುಂಡುಗಳಾಗಿ ಕತ್ತರಿಸುವುದು, ತಲೆ-ಬಾಲ ಅಂಟಿಸಿ ಲೂಪ್ ಮಾಡುವುದು, ತುಟಿ ಕೂಡುವತನಕ ಅದನ್ನೇ ಓಡಿಸುವುದು. ಮೈಕಿನ ಮುಂದೆ ನಿಂತ ನಾಲ್ವರಲ್ಲಿ ಒಬ್ಬ ಎಡವಿದರೂ ನಾಲ್ವರೂ ಮತ್ತೆ ಹೇಳಬೇಕು. ಸಂಭಾಷಣೆ ಬರೆಯುವವನ ಪಾಡು ಇನ್ನೂ ಕಷ್ಟ. ತಮಿಳು ಮಾತು ಎಷ್ಟೋ ಸಲ 'ಮ್' ಎಂದು ತುಟಿ ಮುಚ್ಚಿ ನಿಲ್ಲುತ್ತದೆ, ಕನ್ನಡ ಬಾಯಿ ತೆರೆದೇ ಮುಗಿಯುತ್ತದೆ. ಕ್ಲೋಸಪ್ಪಿನಲ್ಲಿ ಇದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಕೊನೆಯ ಪದ ಬದಲಿಸಬೇಕು, ವಾಕ್ಯವನ್ನೇ ತಿರುಗಿಸಬೇಕು, ಆಗದಿದ್ದರೆ ನಟ ಮುಖ ತಿರುಗಿಸುವ ಗಳಿಗೆಗೆ ಮಾತನ್ನು ಜಾರಿಸಬೇಕು. ಸಾಲಿಗ್ರಾಮಂನಲ್ಲಿ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರಿದ್ದಾರೆ. ನಮ್ಮಲ್ಲಿ ಆ ಕೈ ಪಳಗಲಿಲ್ಲ. ಆಮೇಲೆ ಬಂದ ಡಬ್ಬಿಂಗ್ ಕನ್ನಡ ಪಠ್ಯಪುಸ್ತಕ ಓದಿದಂತೆ ಕೇಳಿಸಿದರೆ ಆಶ್ಚರ್ಯವೇನು?

ಹಣದ ದಾರಿಯೂ ಬೇರೆ. ತಮಿಳುನಾಡನ್ನು ವಿತರಕರು ಚೆನ್ನೈ ಸಿಟಿ, ಎನ್‌ಎಸ್‌ಸಿ, ಕೊಯಮತ್ತೂರು, ಸೇಲಂ, ತಿರುಚ್ಚಿ-ತಂಜಾವೂರು, ಮದುರೆ-ರಾಮನಾಡು, ತಿರುನೆಲ್ವೇಲಿ-ಕನ್ಯಾಕುಮಾರಿ ಎಂದು ಏರಿಯಾಗಳಾಗಿ ಹಂಚಿಕೊಂಡಿದ್ದಾರೆ. ಎನ್‌ಎಸ್‌ಸಿ ಎಂದರೆ ಉತ್ತರ ಆರ್ಕಾಟ್, ದಕ್ಷಿಣ ಆರ್ಕಾಟ್, ಚೆಂಗಲ್ಪಟ್ಟು. ಜೊತೆಗೆ ಮಲೇಷ್ಯಾ, ಸಿಂಗಪುರದ ಹಕ್ಕು, ಕರ್ನಾಟಕದ ಹಕ್ಕು. ಹೆಸರಿರುವ ನಟನಿದ್ದರೆ ಕ್ಯಾಮೆರಾ ತಿರುಗುವ ಮೊದಲೇ ಏರಿಯಾ ಏರಿಯಾ ಮಾರಿ ಆ ಮುಂಗಡದಲ್ಲೇ ಚಿತ್ರ ತೆಗೆಯಬಹುದು. ಮಿನಿಮಮ್ ಗ್ಯಾರಂಟಿ ಕೊಟ್ಟವನಿಗೆ ಚಿತ್ರ ಬಿದ್ದರೂ ಹಣ ವಾಪಸಿಲ್ಲ, ಅಡ್ವಾನ್ಸ್ ಕೊಟ್ಟವನು ಕಮಿಷನ್ ಹಿಡಿದುಕೊಂಡು ಕಡಿಮೆ ಬಿದ್ದದ್ದನ್ನು ವಾಪಸು ಕೇಳಬಹುದು. ಕಾಗದದ ಮೇಲಿನ ಲೆಕ್ಕ ಇದು. ಏರಿಯಾ ಬೆಲೆ ಏರಿದಂತೆ ನಟನ ಸಂಭಾವನೆ ಏರುತ್ತದೆ, ಸಂಭಾವನೆ ಏರಿತೆಂದು ಮುಂದಿನ ಚಿತ್ರದ ಏರಿಯಾ ಬೆಲೆ ಏರುತ್ತದೆ, ಒಂದು ದಿನ ಒಡೆಯುತ್ತದೆ. 2002ರಲ್ಲಿ 'ಬಾಬಾ' ಬಿದ್ದಾಗ ರಜನಿಕಾಂತ್ ವಿತರಕರಿಗೆ ಹಣ ಹಿಂದಿರುಗಿಸಿದ್ದು ಆ ಒಪ್ಪಂದದಲ್ಲಿ ಇಲ್ಲದ ಮಾತು.

ಕನ್ನಡಕ್ಕೆ ಇಂಥ ಮಾರುಕಟ್ಟೆ ಆರಂಭದಲ್ಲೇ ಸಿಗಲಿಲ್ಲ. ತಮಿಳರ ಬಹುಪಾಲು ನೆಲ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದಾಗ, 1956ರವರೆಗೆ ನಾವು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದೆವು. ಆಮೇಲೂ ನಮ್ಮ ಕೊಬ್ಬಿದ ಏರಿಯಾ ಎಂದರೆ ಬಿಕೆಟಿ, ಅಂದರೆ ಬೆಂಗಳೂರು-ಕೋಲಾರ-ತುಮಕೂರು. ಅಲ್ಲೇ ತಮಿಳು, ತೆಲುಗು, ಹಿಂದಿಯ ಜೊತೆ ಪರದೆಗೆ ಜಗಳ.

ಇಷ್ಟಾದರೂ ಕೊಡುಗೆ ಒಂದೇ ಕಡೆಯಿಂದ ಹರಿಯಲಿಲ್ಲ. ತಮಿಳರು ತಮ್ಮ ಹೆಮ್ಮೆ ಎನ್ನುವ 'ವೀರಪಾಂಡಿಯ ಕಟ್ಟಬೊಮ್ಮನ್' ಮತ್ತು 'ಕರ್ಣನ್' ನಿರ್ದೇಶಿಸಿದವರು ಕನ್ನಡದ ಬಿ.ಆರ್. ಪಂತುಲು. ಪಂತುಲು ಹತ್ತಿರ ಪಳಗಿದವರು ಪುಟ್ಟಣ್ಣ ಕಣಗಾಲ್. ಪುಟ್ಟಣ್ಣನವರ ಸಹಾಯಕರಾಗಿದ್ದ ಭಾರತಿರಾಜ 1977ರಲ್ಲಿ '16 ವಯದಿನಿಲೆ' ಮಾಡಿ ತಮಿಳು ಕ್ಯಾಮೆರಾವನ್ನು ಫ್ಲೋರಿನಿಂದ ಹಳ್ಳಿಗೆ ಎಳೆದರು. ಭಾರತಿರಾಜ ಹತ್ತಿರ ಭಾಗ್ಯರಾಜ್, ಭಾಗ್ಯರಾಜ್ ಹತ್ತಿರ ಪಾಂಡ್ಯರಾಜನ್, ಪಾರ್ತಿಬನ್. ಈ ಸಾಲಿನ ಮೊದಲ ಎರಡು ಹೆಸರು ನಮ್ಮವು. ಸಾಲು ಉದ್ದ ಬೆಳೆದದ್ದು ಮಾತ್ರ ಅಲ್ಲಿ, ಯಾಕೆಂದರೆ ಅಲ್ಲಿ ಅಸಿಸ್ಟೆಂಟ್ ಆಗಿರುವುದೇ ಓದು. ರೂಮು ಹಾಕಿ ವಾರಗಟ್ಟಲೆ ಕಥೆ ಡಿಸ್ಕಷನ್ನು, ಆಮೇಲೆ ಕ್ಲಾಪು, ಕಂಟಿನ್ಯೂಟಿ, ನಟರಿಗೆ ಪ್ರಾಂಪ್ಟಿಂಗು, ಕೊನೆಗೆ ಡಬ್ಬಿಂಗ್ ಥಿಯೇಟರಿನ ಕಾವಲು. ನಾಲ್ಕೈದು ಚಿತ್ರ ಹೀಗೆ ದುಡಿದ ಮೇಲೆ ಸ್ವಂತ ಕಥೆ ಹಿಡಿದು ನಿರ್ಮಾಪಕರ ಬಾಗಿಲಿಗೆ ಹೋಗುತ್ತಾರೆ.

ಫಿಲ್ಮ್ ಲ್ಯಾಬುಗಳ ಕಾಲ ಈಗ ಮುಗಿದಿದೆ. ಹಾರ್ಡ್‌ಡಿಸ್ಕಿಗೆ ಮದರಾಸಿನ ರೈಲು ಬೇಡ. ಕುಂದಾಪುರದ ಬಸ್ರೂರಿನಲ್ಲಿ ಸ್ಟುಡಿಯೋ ಕಟ್ಟಿಕೊಂಡು ರವಿ ಬಸ್ರೂರು ದೇಶಕ್ಕೆಲ್ಲ ಕೇಳುವ ಸಂಗೀತ ಮಾಡುತ್ತಿದ್ದಾರೆ. ದೂರದ ನೆಪ ಇನ್ನು ನಡೆಯದು. ನಮ್ಮ ನಿರ್ಮಾಪಕರು ಬಜೆಟ್ ಬರೆಯುವಾಗ ಡ್ರೋನಿಗೆ ಒಂದು ಸಾಲು ಇಡುತ್ತಾರೆ, ಕಥೆ ಡಿಸ್ಕಷನ್ನಿನ ರೂಮಿಗೂ ಅಲ್ಲಿ ಕೂರುವ ಹುಡುಗರ ತಿಂಗಳ ಸಂಬಳಕ್ಕೂ ಇಡುವುದಿಲ್ಲ. ಮೊದಲು ಆ ಸಾಲನ್ನು ಬರೆಯಲಿ.