ಕೊಡಗಿನಲ್ಲಿ ಕಲಿಕೆಯ ವರ್ಷ ಜೂನ್‌ನಿಂದ ಶುರುವಾಗಲಿ

ಜನವರಿ ಒಂದಕ್ಕೆ ಹೊಸ ಡೈರಿ ತೆಗೆದು ‘ಈ ವರ್ಷ ಇಂಥದ್ದನ್ನು ಕಲಿತೇ ತೀರುತ್ತೇನೆ’ ಎಂದು ಬರೆಯುವುದು ನಮ್ಮ ಜಿಲ್ಲೆಗೆ ಹೊಂದುವ ಕ್ರಮವಲ್ಲ. ಆಗ ಅರೇಬಿಕಾ ಕೊಯ್ಲು ಮುಗಿಯುವ ಹಂತದಲ್ಲಿರುತ್ತದೆ, ರೊಬಸ್ಟಾ ಕೆಂಪಾಗಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ. ತೋಟವಿಲ್ಲದವರ ಅಂಗಡಿ, ಲಾರಿ, ಹೋಂಸ್ಟೇಗಳಿಗೂ ಅದೇ ಓಟದ ಕಾಲ. ಫೆಬ್ರವರಿಗೆ ಡೈರಿ ಮೂಲೆ ಸೇರುತ್ತದೆ, ‘ನನಗೆ ಶಿಸ್ತಿಲ್ಲ’ ಎಂದು ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಇಲ್ಲಿ ಕಲಿಕೆಯ ವರ್ಷ ಜೂನ್‌ನಲ್ಲಿ ಶುರುವಾಗಿ ಮೇ ತಿಂಗಳಲ್ಲಿ ಮುಗಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಗಂಟೆಗಳ ಲೆಕ್ಕ. ವಾರಕ್ಕೆ 5 ಗಂಟೆ ಎಂದುಕೊಳ್ಳಿ. 52 ವಾರದಲ್ಲಿ ಕೊಯ್ಲಿಗೆ 10, ಹಬ್ಬ, ಮದುವೆ, ಜ್ವರಕ್ಕೆ 4 ತೆಗೆದರೆ ಉಳಿಯುವುದು 38 ವಾರ, ಅಂದರೆ 190 ಗಂಟೆ. ಇದರಲ್ಲಿ ಒಂದು ವಿಷಯವನ್ನು ಚೆನ್ನಾಗಿ ಕಲಿಯಬಹುದು, ಇನ್ನೊಂದನ್ನು ಅಷ್ಟಿಷ್ಟು ಮುಟ್ಟಬಹುದು. ಐದು ವಿಷಯ ಹಂಚಿಕೊಂಡರೆ ಯಾವುದೂ ದಕ್ಕುವುದಿಲ್ಲ. ಮುಖ್ಯ ವಿಷಯಕ್ಕೆ 140 ಗಂಟೆ ಕೊಡಿ. ಅದರೊಳಗೆ ಓದುವುದು, ವಿಡಿಯೊ ನೋಡುವುದು 50 ದಾಟಬಾರದು. ಉಳಿದದ್ದೆಲ್ಲ ಕೈಯಾರೆ ಮಾಡುವ ಕೆಲಸಕ್ಕೆ.

ಆಸಕ್ತಿ ಇದ್ದರೆ ಸಾಲದು, ಅದನ್ನು ಒಂದು ಪ್ರಶ್ನೆಯಾಗಿ ಕಡೆಯಬೇಕು. ‘ಹವಾಮಾನ ಕಲಿಯುತ್ತೇನೆ’ ಎಂದರೆ ಎಲ್ಲಿ ಶುರು, ಎಲ್ಲಿ ಕೊನೆ? ‘ನಮ್ಮ ತೋಟದಲ್ಲಿ ಎಷ್ಟು ಹೂಮಳೆ ಬಿದ್ದರೆ ಎಷ್ಟು ದಿನಕ್ಕೆ ರೊಬಸ್ಟಾ ಹೂ ಅರಳುತ್ತದೆ?’ ಎಂದು ಕೇಳಿ. ಹೂಮಳೆ ಎಂದರೆ ಕಾಫಿಯ ಹೂ ಅರಳಿಸುವ ಬೇಸಿಗೆಯ ಮಳೆ. ಸುಮಾರು ಒಂದು ಇಂಚು, ಏಳರಿಂದ ಹತ್ತು ದಿನ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಜಾಗಕ್ಕೆ ಅದು ಎಷ್ಟು ನಿಜ ಎಂದು ನೋಡಲು ಬೇಕಾದ ಸಾಮಗ್ರಿ ಎಷ್ಟೋ ಮನೆಗಳ ಬೀರುವಿನಲ್ಲೇ ಇದೆ. ದಿನದಿನದ ಮಳೆ ಅಳೆದು ಬರೆದಿಟ್ಟ, ಅಜ್ಜನ ಕಾಲದ ಮಳೆ ಪುಸ್ತಕ! ಇಂಥ ದಾಖಲೆ ಮನೆಯಲ್ಲೇ ಇಟ್ಟುಕೊಂಡು ಹೊರಗಿನ ಕೋರ್ಸ್ ಹುಡುಕುವುದು ನನಗೆ ಬಹಳ ಬೇಸರದ ಸಂಗತಿ.

ಆ ಪುಸ್ತಕವನ್ನು ಸ್ಪ್ರೆಡ್‌ಶೀಟ್‌ಗೆ ಏರಿಸುವುದೇ ಜೂನ್, ಜುಲೈ ತಿಂಗಳ ಪಾಠ. ಒಂದು ಕಾಲಂನಲ್ಲಿ ತಾರೀಕು, ಒಂದರಲ್ಲಿ ಪುಸ್ತಕದಲ್ಲಿ ಇದ್ದಹಾಗೇ ಬರೆದದ್ದು, ಇನ್ನೊಂದರಲ್ಲಿ ಇಂಚು, ಕೊನೆಯದರಲ್ಲಿ ಇಂಚನ್ನು 25.4ರಿಂದ ಗುಣಿಸಿದ ಮಿಲಿಮೀಟರ್. ಹೆಚ್ಚು ತಪ್ಪಾಗುವುದು ಸೆಂಟ್‌ನಲ್ಲಿ, ಅಂದರೆ ಇಂಚಿನ ನೂರನೇ ಒಂದು ಭಾಗದಲ್ಲಿ. ‘1-5’ ಎಂದು ಬರೆದಿದ್ದರೆ ಅದು ಒಂದು ಇಂಚು ಐದು ಸೆಂಟ್, ಅಂದರೆ 1.05. ಅವಸರದಲ್ಲಿ 1.5 ಎಂದು ಕುಟ್ಟಿದರೆ ಒಂದೇ ದಿನಕ್ಕೆ 11 ಮಿ.ಮೀ. ಹೆಚ್ಚಾಯಿತು. ಬರೆದವರ ರೂಢಿ ಗೊತ್ತಾಗಲು ಅದೇ ಕೈಬರಹದ ಹತ್ತಿಪ್ಪತ್ತು ಪುಟ ನೋಡಿ. ಎರಡನೆಯದು ಖಾಲಿ ಜಾಗ. ಮಳೆ ಇರಲಿಲ್ಲವೋ, ಬರೆಯುವವರು ಊರಲ್ಲಿರಲಿಲ್ಲವೋ? ಗೊತ್ತಿಲ್ಲದಿದ್ದರೆ ಖಾಲಿಯೇ ಬಿಡಿ, ಸೊನ್ನೆ ಹಾಕಬೇಡಿ. ಹಾಕಿದರೆ ಸರಾಸರಿ ಕೆಡುತ್ತದೆ. ಮೂರನೆಯದು ತಾರೀಕು. ಬೆಳಿಗ್ಗೆ 8.30ಕ್ಕೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಕೆಲವರು ಅದನ್ನು ಹಿಂದಿನ ದಿನಕ್ಕೆ ಬರೆಯುತ್ತಾರೆ, ಕೆಲವರು ಅಳೆದ ದಿನಕ್ಕೆ. ಹೂವಿನ ದಿನ ಎಣಿಸುವಾಗ ಈ ಒಂದು ದಿನ ಕಾಡುತ್ತದೆ.

ಮಳೆ ಮಾಪಕವನ್ನೂ ಹೋಗಿ ನೋಡಿ. ಸುತ್ತಲಿನ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿರಬೇಕು. ಅದನ್ನು ನೆಟ್ಟಾಗ ಮೊಣಕಾಲೆತ್ತರ ಇದ್ದ ಸಿಲ್ವರ್ ಓಕ್ ಈಗ ಆಕಾಶಕ್ಕೆ ಬೆಳೆದಿದ್ದರೆ, ಪುಸ್ತಕ ತೋರಿಸುವ ‘ಮಳೆ ಕಡಿಮೆಯಾಗಿದೆ’ ಎಂಬುದರಲ್ಲಿ ಮರದ ಪಾಲೂ ಇರಬಹುದು.

ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬಬೇಡಿ. ಬೇಕಾದ ಪಾಠಗಳನ್ನು ಮೇ ತಿಂಗಳಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬರೆಯುವುದು ಪೆನ್ಸಿಲ್‌ನಲ್ಲಿ, ತೇವ ಹಿಡಿದ ಕಾಗದದಲ್ಲಿ ಶಾಯಿ ಹರಡುತ್ತದೆ. ಹಕ್ಕಿ, ಕಪ್ಪೆ ಎಂದು ಕ್ಯಾಮೆರಾ ಹಿಡಿಯುವವರು ಲೆನ್ಸ್ ಅನ್ನು ಬಟ್ಟೆಯ ಚೀಲದಲ್ಲಿ ಬಿಟ್ಟರೆ ಕಕ್ಕಡ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ತಿಂಗಳು) ಮುಗಿಯುವಷ್ಟರಲ್ಲಿ ಒಳಗೆ ಬೂಷ್ಟು ಹಿಡಿಯಬಹುದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಅಣಬೆಯನ್ನು ಮಾತ್ರ ಫೋಟೋಕ್ಕೆ, ಗುರುತಿಗೆ ಮೀಸಲಿಡಿ. ಪುಸ್ತಕ ನೋಡಿ, ಆ್ಯಪ್ ನೋಡಿ ಗುರುತಿಸಿದ್ದನ್ನು ತಿನ್ನಬಾರದು.

ಕೋರ್ಸ್ ಬೇಕೆನ್ನುವವರಿಗೆ ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್‌ನ ಜುಲೈ ಸರಣಿ ನಮ್ಮ ಕಾಲಕ್ಕೆ ಹೊಂದುತ್ತದೆ. ಕಲಿಯಲು ಹಣ ಕೊಡಬೇಕಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. 12 ವಾರದ್ದು ಬಿಟ್ಟು 8 ವಾರದ್ದನ್ನು ಆರಿಸಿ, ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರುವ ಭತ್ತದ ಸುಗ್ಗಿ ಹಬ್ಬ ಪುತ್ತರಿಯೊಳಗೆ ಎಲ್ಲ ಮುಗಿದಿರುತ್ತದೆ. ಪರೀಕ್ಷೆಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಬಹುದು, ಒಂದು ದಿನ ಎತ್ತಿಡಿ.

ಸೆಪ್ಟೆಂಬರ್ ಮೊದಲಲ್ಲಿ ಬರುವ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಿಂದ ಪುತ್ತರಿವರೆಗಿನ ದಿನಗಳು ವರ್ಷದಲ್ಲೇ ಬೆಲೆಬಾಳುವಂಥವು. ಮಳೆ ಇಳಿದಿರುತ್ತದೆ, ಕೊಯ್ಲು ಬಂದಿರುವುದಿಲ್ಲ. ಏರಿಸಿದ ಅಂಕಿಗಳನ್ನು ಗ್ರಾಫ್ ಮಾಡುವುದು, ಹಿರಿಯರನ್ನು ಕೂರಿಸಿ ಹಳೇ ಮಳೆಯ ಬಗ್ಗೆ ಕೇಳುವುದು ಈಗ. ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ಆದರೆ ಒಮ್ಮೆಗೆ 10 ನಿಮಿಷ ಸಾಕು. ಅಷ್ಟನ್ನು ಕೇಳಿ ಬರೆದಿಳಿಸಲು ಒಂದು ಗಂಟೆ ಹಿಡಿಯುತ್ತದೆ. ಎರಡು ಗಂಟೆ ರೆಕಾರ್ಡ್ ಮಾಡಿದವರ ಫೋನಿನಲ್ಲಿ ಅದು ಹಾಗೇ ಉಳಿಯುತ್ತದೆ.

ಕೊಯ್ಲಿನಲ್ಲಿ ಹೊಸದೇನೂ ಬೇಡ. ಆದರೆ ಪೂರ್ತಿ ಬಿಟ್ಟರೆ ಮರೆತುಹೋಗುತ್ತದೆ. ನೆನಪು ಮೊದಲ ದಿನಗಳಲ್ಲೇ ವೇಗವಾಗಿ ಇಳಿಯುತ್ತದೆ ಎಂದು ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಕಲಿತದ್ದನ್ನು ಚೀಟಿಯ ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ ಎಂದು ಬರೆದಿಟ್ಟುಕೊಂಡಿದ್ದರೆ ದಿನಕ್ಕೆ 15 ನಿಮಿಷ ಸಾಕು. ಉತ್ತರವನ್ನು ನೋಡುವ ಮೊದಲು ಬಾಯಲ್ಲಿ ಹೇಳಲೇಬೇಕು, ಸುಮ್ಮನೆ ಓದಿದರೆ ಬಂದಂತೆ ಅನಿಸುತ್ತದೆ ಅಷ್ಟೇ.

ಮಾರ್ಚ್, ಏಪ್ರಿಲ್‌ನಲ್ಲಿ ಪ್ರಶ್ನೆಯನ್ನು ತೋಟಕ್ಕೆ ಒಯ್ಯಿರಿ. ಹೂಮಳೆ ಬಿದ್ದ ದಿನದಿಂದ ಗುರುತು ಕಟ್ಟಿದ ಹತ್ತು ಗಿಡಗಳನ್ನು ದಿನವೂ ನೋಡಿ ಬರೆಯಿರಿ. ನೀರು ಹಾಯಿಸಿದ ಗಿಡ ಈ ಲೆಕ್ಕಕ್ಕೆ ಬರುವುದಿಲ್ಲ, ಸ್ಪ್ರಿಂಕ್ಲರ್ ತಲುಪದ ಅಂಚಿನವನ್ನು ಆರಿಸಿ. ಪಕ್ಕದ ವಿಷಯವಾಗಿ ಕಾಫಿಯ ರುಚಿ ಕಲಿಯುವವರಿಗೂ ಇದೇ ಸಮಯ: 150 ಮಿ.ಲೀ. ನೀರಿಗೆ 8.25 ಗ್ರಾಂ ತರಿ ಪುಡಿ, 93 ಡಿಗ್ರಿ ಶಾಖ, ನಾಲ್ಕು ನಿಮಿಷಕ್ಕೆ ಮೇಲಿನ ಪದರ ಒಡೆಯುವುದು. ಚಿಕೋರಿ ಕೂಡದು. ಎರಡು ಲೋಟದಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಕಣ್ಣುಮುಚ್ಚಿ ಹೇಳಲು ಬರುವವರೆಗೆ ‘ಚಾಕೊಲೇಟ್ ವಾಸನೆ, ಹಣ್ಣಿನ ಹುಳಿ’ ಎಂಬ ಮಾತಿಗೆ ಹೋಗಬೇಡಿ.

ಮೇ ತಿಂಗಳಲ್ಲಿ ಇಡೀ ವರ್ಷದ್ದನ್ನು ಎರಡು ಪುಟಕ್ಕೆ ಇಳಿಸಿ, ತಪ್ಪು ಹಿಡಿಯಬಲ್ಲವರ ಕೈಗೆ ಕೊಡಿ. ಮೆಚ್ಚುವ ನೆಂಟರಿಗೆ ಕೊಡುವುದರಿಂದ ಏನೂ ಗೊತ್ತಾಗುವುದಿಲ್ಲ. ಮಳೆ ಲೆಕ್ಕವಾದರೆ ತಮ್ಮದೇ ಮಳೆ ಪುಸ್ತಕ ಇಟ್ಟಿರುವ ಪಕ್ಕದ ತೋಟದವರು ಸರಿ. ಹೂವಿನ ವಿಷಯವಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ ನೋಡಿ.

ಮಳೆ ಪುಸ್ತಕ ಇರುವವರು ಜೂನ್‌ವರೆಗೂ ಕಾಯಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಗಳ ಜೊತೆ ಕಾಗದಪತ್ರಗಳೂ ಮಣ್ಣುಪಾಲಾದವು. ಬಿಸಿಲಿರುವಾಗಲೇ, ನೆರಳು ಬೀಳದ ಹಾಗೆ ಪುಸ್ತಕವನ್ನು ಜಗಲಿಯಲ್ಲಿ ಇಟ್ಟು, ತಾರೀಕಿನ ಕಾಲಂ ಪೂರ್ತಿ ಕಾಣುವಂತೆ ಒಂದೊಂದೇ ಪುಟದ ಫೋಟೋ ತೆಗೆಯಿರಿ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಊರ ಹೊರಗಿರುವ ಮಕ್ಕಳ ಹತ್ತಿರ ಇರಲಿ.