ಬಲಗಡೆ ಮೈಸೂರು, ಎಡಗಡೆ ಇಂಗ್ಲೆಂಡು

ಮೂರು ವರ್ಷದ ಹಿಂದೆ ನನ್ನ ಕಾರಿನ ಬಲಗಡೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಮೋಡದೊಳಗಿಂದ ಬಂದ ಹಾಗೆ ಕಾಣುತ್ತಿತ್ತು. ಗಾಜು ಒಡೆದಿರಲಿಲ್ಲ. ಅಂಚಿನಿಂದ ಕಪ್ಪು ಹಬ್ಬಿ, ನಡುವೆ ಒಂದು ರೂಪಾಯಿ ನಾಣ್ಯ ನಾಲ್ಕಿಡುವಷ್ಟು ಜಾಗ ಮಾತ್ರ ಚೊಕ್ಕವಾಗಿ ಉಳಿದಿತ್ತು. ಎಡಗಡೆಯದ್ದು ಬೇರೆ ಕಥೆ. ಎಷ್ಟು ಸಲ ಸರಿ ಮಾಡಿ ನಿಲ್ಲಿಸಿದರೂ ನಲವತ್ತು ಮೈಲಿ ವೇಗ ದಾಟಿದ ಕೂಡಲೇ ಮೆಲ್ಲಗೆ ತಲೆ ತಗ್ಗಿಸುತ್ತಿತ್ತು, ಬೈಸಿಕೊಂಡ ಹುಡುಗನ ಹಾಗೆ.

ಕಾರು 1968ರ ಮಾರಿಸ್ ಮೈನರ್. ನಾನಿರುವುದು ಆಕ್ಸ್‌ಫರ್ಡಿನ ಕೌಲಿಯಲ್ಲಿ. ಮೈನರ್ 1948ರಲ್ಲಿ ಶುರುವಾದದ್ದು ಇಲ್ಲೇ. 1971ಕ್ಕೆ ನಿಲ್ಲುವಷ್ಟರಲ್ಲಿ 16 ಲಕ್ಷ ಕಾರುಗಳು ಆಗಿದ್ದವು. ಆ ಹಳೆ ಕಾರ್ಖಾನೆಯ ಪಕ್ಕದ ಜಾಗದಲ್ಲಿ ಈಗ ಮಿನಿ ಕಾರು ಮಾಡುತ್ತಾರೆ. ನಮ್ಮ ಅಂಬಾಸಡರ್‌ಗೂ ಇದೇ ತವರು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯೇ ಬಂಗಾಳಕ್ಕೆ ಹೋಗಿ ಅಂಬಾಸಡರ್ ಆಗಿ 2014ರವರೆಗೆ ಬಾಳಿತು. ಹಾಗಾಗಿ ಮೈನರ್ ಕಾರಿನ ಮೂತಿ ನೋಡಿದರೆ ನನಗೆ ಸೋದರತ್ತೆಯ ಮನೆ ಕಡೆಯ ಯಾರನ್ನೋ ಕಂಡ ಹಾಗಾಗುತ್ತದೆ.

ಪಕ್ಕದ ಮನೆಯ ಹಿರಿಯರು ಹಳೆ ಕಾರುಗಳಲ್ಲಿ ಪಳಗಿದವರು. ಎರಡೂ ಕನ್ನಡಿ ನೋಡಿ, 'ಜೋಡಿ ತರಿಸಿಬಿಡು, ನಾಡಿದ್ದು ಬರುತ್ತದೆ' ಎಂದರು. ಅದು ಸುಳ್ಳಲ್ಲ. ಕಾರು ನಿಂತು ಅರ್ಧ ಶತಮಾನ ಕಳೆದರೂ ಮೈನರ್‌ನ ಬಾಗಿಲಿನ ರಬ್ಬರಿನಿಂದ ಹಿಡಿದು ಸಣ್ಣ ಕ್ಲಿಪ್ಪಿನವರೆಗೆ ಎಲ್ಲವೂ ಹೊಸದಾಗಿ ಸಿಗುತ್ತದೆ. ಪಟ್ಟಿಯಲ್ಲಿ ನಂಬರ್ ನೋಡಿ ಹೇಳಿದರೆ ಮುಗಿಯಿತು. ನಮ್ಮ ಪ್ರೀಮಿಯರ್ ಪದ್ಮಿನಿಗೆ ಈ ಭಾಗ್ಯ ಇಲ್ಲ. ಮೈಸೂರಿನಲ್ಲಿ ದೊಡ್ಡಪ್ಪ ಅವರ ಪದ್ಮಿನಿಗೆ ಒಂದು ಹಿಂದಿನ ಲೈಟಿನ ಗಾಜಿಗಾಗಿ ಎರಡು ತಿಂಗಳು ಗುಜರಿ ಅಂಗಡಿ ಅಲೆದದ್ದನ್ನು ನಾನೇ ನೋಡಿದ್ದೇನೆ. ಈ ವಿಷಯದಲ್ಲಿ ಇಲ್ಲಿಯವರ ಶಿಸ್ತಿಗೆ ಕೈ ಮುಗಿಯಬೇಕು.

ಆದರೆ ಶಿಸ್ತಿನ ಜೊತೆಗೆ ಒಂದು ಅಭ್ಯಾಸವೂ ಬಂದುಬಿಡುತ್ತದೆ. ಕೆಟ್ಟಿರುವುದು ಗಾಜು, ಬಿಸಾಕುವುದು ಇಡೀ ಕನ್ನಡಿ.

ಇದನ್ನು ಹೇಳಿದರೆ ನಮ್ಮವರು ಕೆಲವರು ಖುಷಿಯಾಗುತ್ತಾರೆ. 'ನೋಡಿ, ನಾವು ಯಾವುದನ್ನೂ ಎಸೆಯಲ್ಲ' ಅಂತ. ನನಗೆ ಆ ಜಂಬ ಒಪ್ಪಿಗೆಯಿಲ್ಲ. ಇದು ಗುಣದ ಮಾತಲ್ಲ, ಲೆಕ್ಕದ ಮಾತು. ಇಲ್ಲಿ ಗ್ಯಾರೇಜಿನವನ ಒಂದು ಗಂಟೆಯ ಕೂಲಿ ಹೊಸ ಕನ್ನಡಿಯ ಬೆಲೆಗಿಂತ ಜಾಸ್ತಿ. ಹಳೆಯದನ್ನು ಬಿಚ್ಚಿ, ತೊಳೆದು, ಗಾಜು ಕತ್ತರಿಸಿ ಕೂರಿಸಲು ಎರಡು ಗಂಟೆ ಬೇಕು. ಯಾರು ಮಾಡಿಸುತ್ತಾರೆ? ನಮ್ಮೂರಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಸಾಮಾನು ದುಬಾರಿ, ಕೈಕೆಲಸ ಅಗ್ಗ. ಕೆಲಸಗಾರನಿಗೆ ಕಡಿಮೆ ಕೊಡುವುದರಿಂದಲೇ ನಮ್ಮ ರಿಪೇರಿ ಸಂಸ್ಕೃತಿ ಉಳಿದಿದೆ ಎಂಬುದನ್ನು ಒಪ್ಪಿಕೊಂಡು ಆಮೇಲೆ ಜಂಬ ಪಡೋಣ. ಅಂದ ಹಾಗೆ, ಈ ಮಾರಿಸ್ ಕಂಪನಿ ಕಟ್ಟಿದ ವಿಲಿಯಂ ಮಾರಿಸ್ ಕೂಡ ಹದಿನಾರನೇ ವಯಸ್ಸಿಗೆ ಇದೇ ಊರಲ್ಲಿ ಸೈಕಲ್ ರಿಪೇರಿಗೆ ಕೂತವನೇ.

ಎಡಗಡೆಯದಕ್ಕೆ ಮಾತ್ರ ಪಕ್ಕದವರ ಮಾತು ಕೇಳಿದೆ. ಕನ್ನಡಿ ತಿರುಗುವ ಗುಂಡು ಕೂರುವ ಬಟ್ಟಲೇ ಸವೆದಿತ್ತು. ಸ್ಕ್ರೂ ಬಿಗಿ ಮಾಡಿದೆ, ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ನಡುವೆ ಇಟ್ಟೆ. ಹದಿನೈದು ದಿನ ನಿಂತಿತು, ಮತ್ತೆ ತಲೆ ತಗ್ಗಿಸಿತು. ಕೊನೆಗೆ ಹೊಸದು ತರಿಸಿದೆ. ನಿಜ ಹೇಳಬೇಕೆಂದರೆ ಕಾನೂನಿಗೆ ಅದು ಬೇಕೇ ಇರಲಿಲ್ಲ. ಇಲ್ಲಿ 1978ಕ್ಕಿಂತ ಮುಂಚೆ ರಸ್ತೆಗಿಳಿದ ಕಾರಿಗೆ ಒಂದೇ ಕನ್ನಡಿ ಸಾಕು. ನಲವತ್ತು ವರ್ಷ ದಾಟಿದ ಕಾರಿಗೆ, ಅದರಲ್ಲಿ ದೊಡ್ಡ ಬದಲಾವಣೆ ಮಾಡಿಲ್ಲದಿದ್ದರೆ, ವರ್ಷಕ್ಕೊಮ್ಮೆಯ ತಪಾಸಣೆಯೂ ಇಲ್ಲ. ನಮ್ಮಲ್ಲೂ ಎಡಗಡೆ ಕನ್ನಡಿ ಬಹಳ ವರ್ಷ ಶೋಕಿಯ ವಸ್ತುವೇ ಆಗಿತ್ತು, ಅಲ್ವಾ? ಎಷ್ಟೋ ಕಾರುಗಳು ಶೋರೂಮಿನಿಂದ ಬರುತ್ತಿದ್ದದ್ದೇ ಬಲಗಡೆಯ ಒಂದು ಕನ್ನಡಿಯೊಂದಿಗೆ. ಆದರೆ ಮೋಟಾರ್‌ವೇಯಲ್ಲಿ ಲಾರಿ ಪಕ್ಕದಲ್ಲಿ ಹೋಗುವಾಗ ಕಾನೂನು ನೆನಪಾಗುವುದಿಲ್ಲ, ಕನ್ನಡಿ ನೆನಪಾಗುತ್ತದೆ.

ಬಲಗಡೆಯದನ್ನು ಎಸೆಯಲು ಮನಸ್ಸು ಬರಲಿಲ್ಲ. ತೋಳು, ಬಟ್ಟಲು ಎಲ್ಲ ಹಿತ್ತಾಳೆ, ಮೇಲೆ ಕ್ರೋಮ್. ಉಜ್ಜಿದರೆ ಇನ್ನೂ ಮುಖ ಕಾಣುತ್ತದೆ. ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟಾಗ ಗಾಜು ಹಿಡಿದಿದ್ದ ರಬ್ಬರ್ ಮೆತ್ತಗಾಯಿತು, ಮರದ ಚಮಚದಲ್ಲಿ ಮೀಟಿದೆ, ಗಾಜು ಎದ್ದು ಬಂತು. ಅದನ್ನು ಬನಿಯನ್ನಿನಲ್ಲಿ ಸುತ್ತಿ ಮೈಸೂರಿಗೆ ಒಯ್ದೆ.

ಕಾರಿನ ಅಂಗಡಿಗೆ ಹೋಗಲಿಲ್ಲ. ದೊಡ್ಡಪ್ಪ ಕರೆದುಕೊಂಡು ಹೋದದ್ದು ದೇವರ ಪಟಕ್ಕೆ ಕಟ್ಟು ಹಾಕುವವರ ಹತ್ತಿರ. ಆ ಯಜಮಾನರು ಗಾಜನ್ನು ಬೆಳಕಿಗೆ ಹಿಡಿದು, ನನ್ನನ್ನು ಒಮ್ಮೆ ನೋಡಿ, 'ಇಷ್ಟಕ್ಕೆ ವಿಮಾನ ಹತ್ಕೊಂಡು ಬಂದ್ರಾ ಸ್ವಾಮಿ?' ಎಂದರು. ಮದುವೆಗೆ ಬಂದಿದ್ದೆ ಅಂದರೂ ನಂಬಿದ ಹಾಗೆ ಕಾಣಲಿಲ್ಲ.

ಮೊದಲು ಅವರು ಒಂದು ಸ್ಟೀಲ್ ಸ್ಕೇಲನ್ನು ಗಾಜಿನ ಮೇಲೆ ಅಡ್ಡ ಇಟ್ಟರು. ಸ್ಕೇಲು ಅಲ್ಲಾಡದೆ ಕೂತರೆ ಚಪ್ಪಟೆ ಗಾಜು, ಅಲ್ಲಾಡಿದರೆ ಉಬ್ಬು ಗಾಜು. ಉಬ್ಬಿದ್ದರೆ ತಮ್ಮ ಕೈಲಾಗದು ಎಂದರು. ಅದೃಷ್ಟಕ್ಕೆ ನನ್ನದು ಚಪ್ಪಟೆ. ಮನೆ ಕನ್ನಡಿಯ ಗಾಜು ದಪ್ಪ, ರಬ್ಬರಿನೊಳಗೆ ಕೂರುವುದಿಲ್ಲ. ಹುಡುಕಿ ಎರಡು ಮಿಲಿಮೀಟರಿನದು ತೆಗೆದರು. ಹಳೆಯದನ್ನು ಮೇಲಿಟ್ಟು ಗೆರೆ ಎಳೆದು, ಕಟ್ಟರ್ ಓಡಿಸಿ, ಇಕ್ಕಳದಲ್ಲಿ ಚೂರುಚೂರೇ ಮುರಿದರು. ನೀರು ಹಾಕಿ ಅಂಚನ್ನು ಕಲ್ಲಿಗೆ ಉಜ್ಜಿದರು. ಅಷ್ಟಕ್ಕೇ ಕೊಡುತ್ತಾರೆ ಅಂದುಕೊಂಡರೆ, ಸಣ್ಣ ಬ್ರಷ್ಷಿನಲ್ಲಿ ಅಂಚಿಗೆಲ್ಲ ಬಣ್ಣ ಬಳಿದು ಒಣಗಲು ಇಟ್ಟರು. 'ಕನ್ನಡಿ ಸಾಯೋದು ಅಂಚಿಂದ ಸ್ವಾಮಿ. ಬೆನ್ನಿಗೆ ಬಣ್ಣ ಇರುತ್ತೆ, ಅಂಚಿಗೆ ಇರಲ್ಲ. ನೀರು ಅಲ್ಲಿಂದ್ಲೇ ನುಗ್ಗೋದು.' ನನ್ನ ಕನ್ನಡಿಗೆ ಆಗಿದ್ದ ಕಾಯಿಲೆಯೂ ಅದೇ. ಮೂರು ವರ್ಷವಾಯಿತು, ಆ ಗಾಜಿನಲ್ಲಿ ಒಂದು ಚುಕ್ಕೆಯೂ ಇಲ್ಲ.

ಕೂರಿಸುವಾಗ ನಾನು ತಪ್ಪು ಮಾಡುವುದರಲ್ಲಿದ್ದೆ. ಬಚ್ಚಲಿಗೆ ಹಾಕುವ ಸಿಲಿಕೋನ್ ಕೈಯಲ್ಲಿ ಹಿಡಿದಿದ್ದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕನ್ನಡಿಗೆ ಆಗದು. ಅದರ ಆಮ್ಲ ಹಿಂದಿನ ಬೆಳ್ಳಿಯನ್ನೇ ತಿನ್ನುತ್ತದೆ. ತಡೆದದ್ದು ಪಕ್ಕದ ಮನೆಯವರು. ವಾಸನೆಯಿಲ್ಲದ ಬೇರೆ ಟ್ಯೂಬ್ ಅವರೇ ಕೊಟ್ಟರು. ಕೆಳಗಡೆ ಸ್ವಲ್ಪ ಜಾಗ ಬಿಡು, ಒಳಗೆ ಹೋದ ನೀರಿಗೆ ಹೊರಗೆ ದಾರಿ ಬೇಕು ಎಂದೂ ಹೇಳಿಕೊಟ್ಟರು. ಅಂದರೆ ಇಲ್ಲಿಯವರಿಗೆ ಕೆಲಸ ಗೊತ್ತಿಲ್ಲವೆಂದಲ್ಲ. ಗೊತ್ತಿರುವವರು ತಮ್ಮ ಶೆಡ್ಡಿನಲ್ಲಿ ಸುಮ್ನೆ ಸಂತೋಷಕ್ಕೆ ಮಾಡಿಕೊಳ್ಳುತ್ತಾರೆ. ದುಡ್ಡಿಗೆ ಅಂತ ಬೀದಿಯಲ್ಲಿ ಅಂಗಡಿ ಇಟ್ಟು ಕೂತವರು ಸಿಗುವುದಿಲ್ಲ, ಅಷ್ಟೇ.

ನಮ್ಮ ಕಡೆಯೂ ಅಂಥವರು ಕಡಿಮೆಯಾಗುತ್ತಿದ್ದಾರೆ. ಅದೇ ಸಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುತ್ತಾಡಿದೆ. ಗಾಜು ಮಾತ್ರ ಬದಲಾಯಿಸಿ ಕೊಡುತ್ತೀರಾ ಎಂದು ನಾಲ್ಕು ಕಡೆ ಕೇಳಿದೆ. ಮೂರು ಕಡೆ 'ಸೆಟ್ ತಗೊಳ್ಳಿ ಸರ್' ಎಂಬ ಉತ್ತರ. ತಪ್ಪು ಅವರದ್ದೂ ಅಲ್ಲ. ಈಗಿನ ಕಾರಿನ ಕನ್ನಡಿಯೊಳಗೆ ಮೋಟಾರು, ಇಂಡಿಕೇಟರು, ಕ್ಯಾಮೆರಾ ಎಲ್ಲ ಇರುತ್ತದೆ. ಪಟದ ಅಂಗಡಿಯವರು ಅದನ್ನೇನು ಮಾಡಿಯಾರು? ಯಜಮಾನರ ಮಗ ಕೂಡ ಈಗ ಫ್ಲೆಕ್ಸ್ ಮುದ್ರಿಸುತ್ತಾನಂತೆ.

ಇನ್ನು ಎಡಗಡೆಯ ಹೊಸ ಕನ್ನಡಿ. ಮೊದಲ ದಿನ ಬಲಗಡೆಯದಕ್ಕಿಂತ ಥಳಥಳ ಅನ್ನುತ್ತಿತ್ತು. ಮೈಯೆಲ್ಲ ಸತುವಿನ ಎರಕ, ಮೇಲೆ ತೆಳ್ಳಗೆ ಕ್ರೋಮ್. ಚಳಿಗಾಲದಲ್ಲಿ ಇಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಎರಡನೇ ಚಳಿಗಾಲಕ್ಕೆ ತೋಳಿನ ಮೇಲೆ ರಾಗಿಕಾಳಿನಷ್ಟು ಗುಳ್ಳೆ ಎದ್ದವು. ಉಗುರಲ್ಲಿ ಕೆರೆದರೆ ಬಿಳಿ ಪುಡಿ. ಗಾಜು ಮಾತ್ರ ಒಳ್ಳೆಯ ಉಬ್ಬು ಗಾಜು, ಕಲೆಯಿಲ್ಲ, ಪಕ್ಕದ ಲೇನೆಲ್ಲ ಕಾಣುತ್ತದೆ. ಬಲಗಡೆ ಹಳೆ ಮೈಗೆ ಹೊಸ ಗಾಜು, ಎಡಗಡೆ ಹೊಸ ಗಾಜಿಗೆ ಕೊಳೆಯುವ ಮೈ.

ಪಕ್ಕದವರು ಅದನ್ನೂ ನೋಡಿದರು. 'ಇನ್ನೊಂದು ತರಿಸಿಬಿಡು' ಎಂದರು. ಸತುವಿನ ಗುಳ್ಳೆ ತೆಗೆದು ಮತ್ತೆ ಕ್ರೋಮ್ ಹಾಕುವುದು ಕಷ್ಟ ಎಂದು ನನಗೂ ಗೊತ್ತು. ಗುಳಿಗಳನ್ನು ಕೆರೆದು, ತಾಮ್ರ ತುಂಬಿ, ನಯ ಮಾಡಿ, ಆಮೇಲೆ ಕ್ರೋಮ್. ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರಿದ್ದಾರೆ, ಆದರೆ ಒಂದೇ ಒಂದು ತೋಳಿಗೆ ಅವರು ತೊಟ್ಟಿ ಬಿಸಿ ಮಾಡುವುದು ಅನುಮಾನ. ದೊಡ್ಡಪ್ಪ ಫೋನಿನಲ್ಲಿ, 'ತಗೊಂಡು ಬಾ, ನೋಡೋಣ' ಎಂದಿದ್ದಾರೆ. ಈ ಡಿಸೆಂಬರ್‌ಗೆ ಬಿಚ್ಚಿ ಸೂಟ್‌ಕೇಸಿಗೆ ಹಾಕಬೇಕು. ಹೆಂಡತಿಗೆ ಇನ್ನೂ ಹೇಳಿಲ್ಲ.